ಬಿಸಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುತ್ತಿದ್ದವರು

ನಮ್ಮ ಮನೆಗೆ ಹೊಸದಾಗಿ ಬಂದವರು ನಾನು ಫ್ರಿಜ್ಜಿನ ಹಿಂದೆ ಕೈ ತೂರಿಸಿ ನಿಂತಿರುವುದನ್ನು ನೋಡಿದರೆ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಏನೂ ಬಿದ್ದಿಲ್ಲ. ಹಿಂದುಗಡೆ ಎಷ್ಟು ಬಿಸಿ ಇದೆ ಎಂದು ನೋಡುತ್ತಿರುತ್ತೇನೆ, ಅಷ್ಟೆ. ಟಿವಿಯ ಬೆನ್ನು, ಮಿಕ್ಸಿಯ ತಳ, ಕೆಳಗಿನ ನೀರಿನ ಪಂಪಿನ ಮೋಟಾರು, ಯಾವುದನ್ನೂ ಬಿಟ್ಟವಳಲ್ಲ. ಇದು ನನ್ನ ಹುಟ್ಟುಗುಣವೇನಲ್ಲ. ಒಬ್ಬರು ನನಗೆ ಅಂಟಿಸಿ ಹೋದದ್ದು. ಅವರು ಹೋಗಿ ಎಷ್ಟೋ ಕಾಲವಾಯಿತು, ಅಂಟಿದ್ದು ಮಾತ್ರ ಬಿಡಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎದುರಿಗೆ ಬಂದು ಕೂತು "ಏನಮ್ಮಾ, ಎಲ್ಲಿಗೆ ಬಂತು ಲೆಕ್ಕ?" ಎಂದು ಕೇಳಿಬಿಟ್ಟಾರು ಎಂಬ ಹೆದರಿಕೆ ನನಗೆ. ನಗಬೇಡಿ. ಈಗಲೂ ಬೆಳಿಗ್ಗೆ ಬಚ್ಚಲಿಗೆ ಹೋದಾಗ ಒಂದೊಂದು ಸಲ ಅವರ ಸದ್ದು ಕೇಳಿಸುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ನಾನು ಮೈಸೂರಿನಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಫೋರ್ಟಿನ ಒಂದು ಕಂಪನಿಯಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಗಳಿಗೆ ಬಾಯ್ಲರು, ಕರೆಂಟು, ಇಂಧನದ ಖರ್ಚಿನ ಬಗ್ಗೆ ಸಲಹೆ ಕೊಡುವ ಕಂಪನಿ. ಅವರು ಅಲ್ಲಿ ಎಂಜಿನಿಯರು, ಮಂಡ್ಯದ ಕಡೆಯವರು, ನನಗಿಂತ ಬಹಳ ಹಿರಿಯರು. ಆಂಟಾಪ್ ಹಿಲ್‌ನಲ್ಲಿ ನಾವಿದ್ದ ಬಿಲ್ಡಿಂಗಿನಲ್ಲೇ, ನಮ್ಮ ಮನೆಯ ಸರಿ ಕೆಳಗೆ ಅವರ ಮನೆ. ಕಚೇರಿಯಲ್ಲಿ ನನಗೆ ಅವರು ಸರ್, ಮನೆಯಲ್ಲಿ ಅವರ ಹೆಂಡತಿ ನನಗೆ ಅಕ್ಕ. ಈ ಎರಡೂ ಹೇಗೆ ಹೊಂದುತ್ತವೆ ಎಂದು ಯಾರೂ ಕೇಳಲಿಲ್ಲ.

ಸಣ್ಣ ಆಳು, ತೋಳು ಮಡಿಸಿದ ಬಿಳಿ ಅಂಗಿ, ಕೈಯಲ್ಲಿ ಸದಾ ಒಂದು ಮಡಿಸಿದ ಪೇಪರು. ದಾರಿಯಲ್ಲಿ ನಡೆಯುವಾಗ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಗೋಡೆಗಳನ್ನು ನೋಡುತ್ತಿದ್ದರು. ಬೇಕರಿಯ ಹಿಂಗೋಡೆ ಕಂಡರೆ ನಿಂತು ಅಂಗೈ ಇಟ್ಟು, ಕಣ್ಣು ಮುಚ್ಚಿ, "ಇಷ್ಟು ಬಿಸಿ ಎಲ್ಲಿಗೆ ಹೋಗ್ತಿದೆ, ಹೇಳಮ್ಮಾ" ಅನ್ನುತ್ತಿದ್ದರು. ನಾನೇನು ಹೇಳಲಿ? "ಬೀದಿಗೆ, ಸರ್" ಅನ್ನುತ್ತಿದ್ದೆ. "ಬೀದಿಗೆ ಯಾಕೆ ಬೇಕು?" ಎಂದು ನಿಜವಾಗಿಯೂ ಸಿಟ್ಟು ಮಾಡುತ್ತಿದ್ದರು.

ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನಾವು ಕಾಫಿ ಕುಡಿಯುವುದಿತ್ತು. ಅಲ್ಲಿಯೂ ಒಳಗೆ ನುಗ್ಗಿ ಬಾಯ್ಲರಿನ ಮೈ ಮುಟ್ಟಿ ಬರುವವರೇ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕರು ಕೈ ಮುಗಿದು, "ಎಂಥದು ಮಾರಾಯ್ರೆ ನಿಮ್ಮದು, ಕಾಫಿಗೆ ಬಂದದ್ದಾ ಬಾಯ್ಲರಿಗೆ ಬಂದದ್ದಾ? ಕೈ ಸುಟ್ಟರೆ ನನಗೆ ಕೇಸ್ ಆಗ್ತದೆ" ಎಂದರೆ, ಇವರು ಗಂಭೀರವಾಗಿ, "ನಿಮ್ಮ ಅರ್ಧ ಗ್ಯಾಸು ಸೀಲಿಂಗ್‌ಗೆ ಕಾಫಿ ಕುಡಿಸ್ತಾ ಇದೆ ಸ್ವಾಮಿ" ಅನ್ನುತ್ತಿದ್ದರು.

ಅವರ ತಲೆಯಲ್ಲಿ ಆಗ ಒಂದೇ ಯೋಜನೆ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ಲು. ಹಗಲು ಅದರಿಂದ ಕರೆಂಟು. ಮಿಕ್ಕ ಕರೆಂಟಿನಲ್ಲಿ ನೀರನ್ನು ಒಡೆದು ಜಲಜನಕ ತುಂಬಿಡುವುದು. ಬಿಸಿಲು ಹೋದ ಮೇಲೆ ಆ ಜಲಜನಕವನ್ನು ಫ್ಯುಯೆಲ್ ಸೆಲ್ ಎಂಬ ಪೆಟ್ಟಿಗೆಗೆ ಬಿಟ್ಟರೆ ಅದು ಮತ್ತೆ ನೀರಾಗುತ್ತದೆ. ಆಗುವಾಗ ಕರೆಂಟೂ ಕೊಡುತ್ತದೆ, ಪೆಟ್ಟಿಗೆ ಬಿಸಿಯೂ ಆಗುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ನನಗೆ ಮೊದಲ ದಿನ ಹೇಳಿಕೊಟ್ಟದ್ದು ಹೀಗೆ: "ನಮ್ಮೂರ ಬಚ್ಚಲೊಲೆ ನೆನಪಿದೆಯಲ್ಲ? ಹಂಡೇಲಿ ನೀರು ಕಾಯ್ತಾ ಇರತ್ತೆ. ಅದೇ ಕೆಂಡದಲ್ಲಿ ಅಜ್ಜಿ ಗೆಣಸು ಸುಡ್ತಾಳೆ. ಒದ್ದೆ ಪಂಚೆ ಮೇಲೆ ಒಣಗ್ತಿರತ್ತೆ. ಒಂದು ಒಲೆ, ಮೂರು ಕೆಲಸ. ನಾನು ಹೇಳೋದು ಅಷ್ಟೇ ಕಣಮ್ಮಾ, ಹೆಸರು ದೊಡ್ಡದು."

ಹೇಳುವುದು ಸುಲಭ. ಲೆಕ್ಕ ಹಾಕುವವಳು ನಾನು. ಪ್ಯಾನೆಲ್ಲು ಆಗ ಚಿನ್ನದ ತಗಡು. ಪೆಟ್ಟಿಗೆ ಹೊರದೇಶದಿಂದ ಬರಬೇಕು. ಬರೀ ಕರೆಂಟಿನ ಲೆಕ್ಕ ಹಾಕಿದರೆ ಮುಂಬಯಿಯ ಕರೆಂಟಿನ ಎದುರು ನಿಲ್ಲುವ ಮಾತೇ ಇರಲಿಲ್ಲ. ಇಲ್ಲಿ ಕರೆಂಟು ಹೋಗುವುದೇ ಅಪರೂಪ. "ಬಿಸಿಲು ಪುಕ್ಕಟೆ, ಬಿಸಿಲು ಹಿಡಿಯೋ ಪಾತ್ರೆ ಪುಕ್ಕಟೆ ಅಲ್ಲ" ಎಂದು ಅವರೇ ಒಪ್ಪುತ್ತಿದ್ದರು. ಆದರೆ ಆ ಪೆಟ್ಟಿಗೆಯ ಬಿಸಿಗೂ ಬೆಲೆ ಕಟ್ಟಿದರೆ? ಆ ಬಿಸಿಯಲ್ಲಿ ಒಂದು ಇಡೀ ಬಿಲ್ಡಿಂಗಿಗೆ ಸ್ನಾನದ ನೀರು ಕಾದರೆ, ಅಷ್ಟು ಸೀಮೆಎಣ್ಣೆ, ಅಷ್ಟು ಗೀಸರು ಉಳಿದರೆ? ಆಗಲೂ ಲಾಭವೇನಿಲ್ಲ. ನಷ್ಟ ಮಾತ್ರ ತಲೆಯೆತ್ತಿ ಹೇಳಬಹುದಾದಷ್ಟಕ್ಕೆ ಇಳಿಯುತ್ತಿತ್ತು. ಅಷ್ಟು ಇಳಿದರೆ ಉಳಿದದ್ದನ್ನು ದೆಹಲಿಯ ಇಲಾಖೆ ತುಂಬಿಕೊಡುತ್ತದೆ, ಮಾದರಿಗೆಂದು ಒಂದು ಘಟಕ ನಿಲ್ಲುತ್ತದೆ. ಎಲ್ಲವೂ ನಿಂತಿದ್ದದ್ದು ಬಿಸಿನೀರಿನ ಮೇಲೆ.

ಬಿಸಿನೀರಿನ ಮೇಲೆ ಅವರಿಗೆ ಯಾಕಿಷ್ಟು ಹಟ ಎಂದು ನನಗೆ ಗೊತ್ತಾದದ್ದು ಅಕ್ಕನಿಂದ. ಒಂದು ಮೇ ತಿಂಗಳು, ಬೆವರು ಕಿತ್ತುಕೊಂಡು ಬರುವ ಮಧ್ಯಾಹ್ನ, ಅವರ ಮನೆಗೆ ಉಪ್ಪಿನಕಾಯಿ ಕೊಡಲು ಇಳಿದು ಹೋಗಿದ್ದೆ. ಆಕೆ ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ ಹಾಕಿದ್ದರು. ನನ್ನ ಬಾಯಿ ಸುಮ್ಮನಿರುವುದಿಲ್ಲ. "ಈ ಸೆಕೆಯಲ್ಲಿ ಉದ್ದ ತೋಳಾ ಅಕ್ಕಾ?" ಅಂದೆ.

"ಕೈ ಸುಟ್ಟಿದೆ ಕಣೇ. ನೋಡೋಕೆ ಚೆನ್ನಾಗಿಲ್ಲ" ಅಂದರು, ಬೆಂಡೆಕಾಯಿ ಹೆಚ್ಚುತ್ತಲೇ. "ಮದುವೆಯಾದ ಹೊಸದು. ಇವರಿಗೆ ದಿನಾ ಬಿಸಿನೀರು ಆಗಬೇಕು, ಊರ ಅಭ್ಯಾಸ. ಪಂಪ್ ಸ್ಟೌ ಹಚ್ಚಿ ನೀರಿಟ್ಟಿದ್ದೆ. ಸಿಡೀತು. ಎಡಗೈ ಪೂರ್ತಿ ಹೋಯ್ತು ಅಂತಿದ್ದರು ಡಾಕ್ಟರು, ಹೋಗಲಿಲ್ಲ."

ಆಕೆ ನಕ್ಕರು. "ಆವತ್ತಿಂದ ಇವರಿಗೆ ಬೆಂಕಿ ಅಂದ್ರೆ ಆಗಲ್ಲ. ಪುಣ್ಯಕ್ಕೆ ನನಗೆ ಆಗತ್ತೆ, ಇಲ್ದಿದ್ರೆ ಅನ್ನ ಯಾರು ಮಾಡ್ತಿದ್ರು? ಆದ್ರೆ ಸ್ನಾನದ ನೀರು ಮಾತ್ರ ನಾನು ಮುಟ್ಟೋ ಹಾಗಿಲ್ಲ. ಅವರೇ ಬಕೆಟ್ಟಿಗೆ ಕರೆಂಟು ಕಡ್ಡಿ ಇಳಿಬಿಟ್ಟು ಕಾಯಿಸಿಕೊಳ್ತಾರೆ, ನನಗೂ ಅವರೇ ಕಾಯಿಸಿಡ್ತಾರೆ. ನಾನು ಹತ್ತಿರ ಹೋದ್ರೆ ಸಾಕು, ಮುಖ ಬಿಳಿಚಿಕೊಳ್ಳತ್ತೆ."

ಆಮೇಲೆ ನನಗೆ ಆ ಯೋಜನೆ ಬೇರೆಯೇ ಆಗಿ ಕಾಣತೊಡಗಿತು. ಬೆಂಕಿಯಿಲ್ಲದೆ ಬಿಸಿನೀರು ಬರುವ ಒಂದು ನಲ್ಲಿ. ಈ ಊರಿನಲ್ಲಿ ಒಬ್ಬ ಹೆಂಗಸೂ ಸ್ಟೌ ಮುಂದೆ ಕೂತು ಪಂಪು ಹೊಡೆಯದ ಹಾಗೆ ಮಾಡಬೇಕು, ಅಷ್ಟೇ ಆ ಮನುಷ್ಯನಿಗೆ ಬೇಕಿದ್ದದ್ದು. ಅದಕ್ಕೆಂದೇ ಬರೋಡಾದ ದೊಡ್ಡ ಹುದ್ದೆ ಬಂದಾಗ ಬೇಡವೆಂದು ಬರೆದುಕೊಟ್ಟಿದ್ದರು. ಕಚೇರಿಯಲ್ಲಿ ಹುಚ್ಚು ಅಂದವರಿದ್ದರು. ನಾನು ಅನ್ನಲಿಲ್ಲ.

ವರದಿಗೆ ಬಿಸಿನೀರಿನ ಬೇಡಿಕೆ ಎಷ್ಟೆಂದು ಬೇಕಲ್ಲ? ಊಹೆ ಮಾಡಬಾರದು, ಕೇಳಿಯೇ ಬರೆಯಬೇಕು ಎಂದು ಅವರ ಹಟ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆಂಟಾಪ್ ಹಿಲ್‌ನ ಕಾಲೊನಿಗಳಲ್ಲಿ ಮನೆಮನೆ ಹತ್ತಿ ಇಳಿದೆವು. ಹತ್ತಿರ, ಗುರುತಿನವರು, ಕೂತರೆ ಕಾಫಿ. ಮೈಸೂರಿನವರು, ತಮಿಳರು, ಆಂಧ್ರದವರು. ನಾವು ಕೇಳಿದ ಪ್ರಶ್ನೆ: ದಿನಕ್ಕೆ ಎಷ್ಟು ಬಕೆಟ್ ಬಿಸಿನೀರು ಬೇಕಾಗುತ್ತದೆ? ಎಲ್ಲರೂ ಉತ್ಸಾಹದಿಂದ ಹೇಳಿದರು. ಒಬ್ಬರು ಅಜ್ಜಿಯಂತೂ, "ಎಣ್ಣೆ ನೀರಿನ ದಿನ ಲೆಕ್ಕಕ್ಕೆ ಹಿಡಿಯಬೇಡಿ, ಆವತ್ತು ಹಂಡೆ ಹಂಡೆ ಬೇಕು" ಎಂದು ಎಚ್ಚರಿಕೆ ಕೊಟ್ಟರು. ಅದನ್ನೂ ಬರೆದುಕೊಂಡೆವು. ಬಂದ ಸಂಖ್ಯೆಯನ್ನೇ ಇಡೀ ಮುಂಬಯಿಯ ಲೆಕ್ಕಕ್ಕೆ ಹಿಡಿದೆವು. ವರದಿ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಹೋಯಿತು. ಸಹಿ ಹಾಕಿದವರೆಲ್ಲ ಪಾಲ್ಘಾಟು, ತಂಜಾವೂರು, ಮೈಸೂರಿನವರು. ಎಲ್ಲರೂ ಬೆಳಿಗ್ಗೆ ಬಿಸಿನೀರು ಹುಯ್ದುಕೊಂಡು ಬಂದು ಸಹಿ ಹಾಕಿದವರೇ.

ಘಾಟ್ಕೋಪರ್‌ನ ಒಂದು ಹೊಸ ಹೌಸಿಂಗ್ ಸೊಸೈಟಿ ತಾರಸಿ ಕೊಡಲು ಒಪ್ಪಿತ್ತು. ಸದಸ್ಯರ ಸಭೆ ಆ ತಾರಸಿಯ ಮೇಲೆಯೇ, ಶಾಮಿಯಾನದ ಕೆಳಗೆ. ದೆಹಲಿಯ ಅಧಿಕಾರಿಯೂ ಬಂದು ಕೂತಿದ್ದರು. ಆವತ್ತು ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಕ್ಕ ಹಣೆಗಿಟ್ಟು ಕಳಿಸಿದ ಕುಂಕುಮ ಒರೆಸಿಕೊಳ್ಳದೆ ಬಂದಿದ್ದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. ಅವರ ಹಿಂದಿಯಲ್ಲಿ ಮಂಡ್ಯ ಇಣುಕುತ್ತಿದ್ದರೂ ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ, ಪ್ರತಿ ಮನೆಯ ಬಚ್ಚಲಿಗೆ ಬೆಳಗಾಗುವುದರೊಳಗೆ ಬಿಸಿನೀರು, ಒಂದು ಕಡ್ಡಿ ಗೀರಬೇಕಾಗಿಲ್ಲ, ಎಂದು ಮುಗಿಸಿದರು.

ಮೂರನೇ ಸಾಲಿನಿಂದ ಒಬ್ಬ ಗುಜರಾತಿ ಹೆಂಗಸು ಎದ್ದು ನಿಂತಳು. ಒಳ್ಳೆಯ ನಗುಮುಖ. "ಸಾಬ್, ಸಬ್ ಠೀಕ್ ಹೈ. ಪಣ್ ಗರಮ್ ಪಾನಿ ಕಿಸ್ಕೋ ಚಾಹಿಯೆ?"

ಬಿಸಿನೀರು ಯಾರಿಗೆ ಬೇಕು, ಅಂತ.

ಅವಳು ಮುಂದುವರಿದಳು. ಬೆಳಿಗ್ಗೆ ಮುನಿಸಿಪಾಲ್ಟಿ ನೀರು ಬರುತ್ತದೆ, ಬಂದ ಕೂಡಲೆ ಎಲ್ಲರೂ ಅದರಲ್ಲೇ ಸ್ನಾನ ಮಾಡಿ ಮುಗಿಸುತ್ತೇವೆ. ಈ ಸೆಕೆಯಲ್ಲಿ ಬಿಸಿನೀರು ಯಾರು ಹುಯ್ದುಕೊಳ್ಳುತ್ತಾರೆ? ಮನೆಯಲ್ಲಿ ಮುದುಕರಿದ್ದರೆ, ಬಾಣಂತಿ ಇದ್ದರೆ ಒಂದು ಪಾತ್ರೆ ಕಾಯಿಸಿದರಾಯಿತು. ಸುತ್ತ ಕೂತವರು ಹೌದು ಹೌದು ಎಂದು ತಲೆಯಾಡಿಸಿದರು. ಯಾರೋ ನಕ್ಕರು. ಕೆಟ್ಟ ನಗುವಲ್ಲ, ಮನೆಯವರು ಮನೆಯವರಿಗೇ ನಗುವ ನಗು. ದೆಹಲಿಯವರು ವರದಿ ತಿರುವಿ, ಈ ಬೇಡಿಕೆಯ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರು.

ಅಯ್ಯೋ ದೇವರೇ, ಆ ಗಳಿಗೆ! ಎಷ್ಟು ಬಕೆಟ್ ಎಂದು ಕೇಳಿದ್ದೆವು. ಬಿಸಿನೀರಲ್ಲಿ ಸ್ನಾನ ಮಾಡುತ್ತೀರಾ ಎಂದು ಕೇಳಿರಲಿಲ್ಲ. ಅದು ಕೇಳುವ ಪ್ರಶ್ನೆ ಎಂದೇ ನಮಗೆ ತೋರಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ದೆಹಲಿಯವರನ್ನು ನೋಡುತ್ತಿರಲಿಲ್ಲ. ಆ ಹೆಂಗಸನ್ನೇ ನೋಡುತ್ತಿದ್ದರು, ಆಕೆ ಇನ್ನೂ ಏನೋ ಹೇಳಲಿದ್ದಾಳೆ ಎನ್ನುವ ಹಾಗೆ.

ಲೋಕಲ್ ರೈಲಿನಲ್ಲಿ ಹಿಂದಿರುಗುವಾಗ ಬೋಗಿ ಖಾಲಿಯಿತ್ತು. ನಾನು ಸಮಾಧಾನ ಹೇಳಲು ಹೋದೆ. "ಇನ್ನೊಂದು ಸಲ ಸರ್ವೇ ಮಾಡೋಣ ಸರ್. ಬೇರೆ ಕಡೆ."

"ಇಡೀ ಮುಂಬಯಿಗೆ ನಮ್ಮ ಬಚ್ಚಲುಮನೆ ಹಾಕಿಬಿಟ್ಟೆವಲ್ಲಮ್ಮಾ" ಅಂದರು. ಅಷ್ಟು ಹೊತ್ತು ಅದನ್ನೇ ಯೋಚಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಕುರ್ಲಾ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಈ ಊರಲ್ಲಿ ಯಾರಿಗೂ ಬೇಡ ಬಿಸಿನೀರು. ಯಾರೂ ಸತ್ತಿಲ್ಲ ತಣ್ಣೀರಲ್ಲಿ. ನಾನು ಒಬ್ಬ ಹುಯ್ಕೊಂಡಿದ್ರೆ ಆಗ್ತಿತ್ತು ಆಗ. ಅವಳ ಕೈ ಸುಡ್ತಿರಲಿಲ್ಲ."

ಸಯಾನ್‌ನಲ್ಲಿ ಇಳಿದು ಬಸ್ಸು ಹತ್ತಿದೆವು. ಇದ್ದದ್ದನ್ನೇ ಹೇಳಿದ್ದರು.

ಮಾರನೆಯ ದಿನದಿಂದ ಆ ಸದ್ದು. ನಮ್ಮ ಬಿಲ್ಡಿಂಗಿನಲ್ಲಿ ಬಚ್ಚಲುಗಳೆಲ್ಲ ಒಂದೇ ಗಾಳಿಕಿಂಡಿಗೆ ತೆರೆಯುತ್ತಿದ್ದವು, ಕೆಳಗಿನ ಮನೆಯ ಕೆಮ್ಮು ಮೇಲಕ್ಕೆ ಕೇಳುತ್ತಿತ್ತು. ಅಲ್ಲಿಯವರೆಗೆ ಸರ್ ಸ್ನಾನ ಮಾಡುವಾಗ ಮಂತ್ರವೋ ಹಾಡೋ ಏನೋ ಗುನುಗು ಕೇಳುತ್ತಿತ್ತು. ಈಗ ಗುನುಗಿಲ್ಲ. ಮೊದಲ ಚೊಂಬು ಬಿದ್ದೊಡನೆ "ಹಾ!" ಎಂದು ಉಸಿರು ಎಳೆದುಕೊಳ್ಳುವ ಸದ್ದು. ಆಮೇಲೆ ಬರೀ ನೀರು. ಡಿಸೆಂಬರಿನಲ್ಲೂ ಅದೇ. ಕರೆಂಟು ಕಡ್ಡಿ ಅಕ್ಕನ ಬಕೆಟ್ಟಿಗೆ ಮಾತ್ರ. "ಯಾರು ಹೇಳಿದ್ರೇ ಇವರಿಗೆ ತಣ್ಣೀರು ಹುಯ್ಕೊಳ್ಳೋಕೆ? ಕೇಳಿದ್ರೆ ಈ ಊರಿನವನಾದೆ ಅಂತಾರೆ. ಊರಿನವರಾಗೋಕೆ ನೆಗಡಿ ಆಗಬೇಕಾ?" ಎಂದು ಆಕೆ ನನ್ನ ಹತ್ತಿರ ಗೊಣಗುತ್ತಿದ್ದರು. ರೈಲಿನಲ್ಲಿ ಕೇಳಿದ್ದನ್ನು ನಾನು ಆಕೆಗೆ ಹೇಳಲಿಲ್ಲ. ಹೇಳುವ ಹಕ್ಕು ನನ್ನದಲ್ಲ ಅನ್ನಿಸಿತು.

ಯೋಜನೆ ಬಿತ್ತು. ವಿಭಾಗ ಮುಚ್ಚಿ ಅವರನ್ನು ಬಾಯ್ಲರ್ ತಪಾಸಣೆಗೆ ಹಾಕಿದರು. ಅವರು ಮಾತ್ರ ಬಿಡಲಿಲ್ಲ. ಶನಿವಾರ ಕಚೇರಿ ಮುಗಿದ ಮೇಲೆ ಬಿಸಿ ಬೇಕಾದವರನ್ನು ಹುಡುಕಿಕೊಂಡು ಹೊರಡುತ್ತಿದ್ದರು. ಕೆಲವು ಸಲ ನನ್ನನ್ನೂ ಕರೆದರು. ಧಾರಾವಿಯ ಒಂದು ಸಂದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿಜಾಪುರ ಕಡೆಯ ಒಬ್ಬರು ಸಿಕ್ಕಿದರು. ದೊಡ್ಡ ಕೊಪ್ಪರಿಗೆಯಲ್ಲಿ ನೀರು ಕುದಿಯುತ್ತಿತ್ತು. ಸರ್ ಅವರ ಕಣ್ಣು ಮಿಂಚಿತು. ಎಲ್ಲವನ್ನೂ ವಿವರಿಸಿದರು. ಆತ ಪೂರ್ತಿ ಕೇಳಿ, "ಬಿಸಿನೀರ ಏನೋ ಬೇಕ್ರೀ ಸಾಹೇಬ್ರ, ದಿನಾ ಬೇಕು. ಆದ್ರ ನಿಮ್ಮ ಆ ಹಲಗಿ ಇಡಾಕ ಬಿಸಲರ ಎಲ್ಲೈತ್ರೀ ಇಲ್ಲೆ?" ಎಂದು ಮೇಲೆ ನೋಡಿದರು. ನಾವೂ ನೋಡಿದೆವು. ತಗಡು, ತಾಡಪತ್ರಿ, ಅದರ ಮೇಲೆ ಇನ್ನೊಬ್ಬರ ಸಂಸಾರ. ಒಂದು ಅಂಗೈಯಷ್ಟು ಆಕಾಶ ಇರಲಿಲ್ಲ.

"ಬಿಸಿ ಬೇಕಾದವರಿಗೆ ತಾರಸಿ ಇಲ್ಲ, ತಾರಸಿ ಇದ್ದವರಿಗೆ ಬಿಸಿ ಬೇಡ" ಎಂದರು ಹೊರಗೆ ಬಂದು. "ಇಷ್ಟೇ ಕಣಮ್ಮಾ ನಮ್ಮ ವರದಿ. ಒಂದೇ ಸಾಲು. ಅಷ್ಟು ದಪ್ಪ ಯಾಕೆ ಬರೆದೆವೋ." ನಕ್ಕರು. ಆ ನಗು ನೋಡಲಾಗಲಿಲ್ಲ. ಆದರೂ ಹೊರಡುವ ಮುಂಚೆ ಆ ಕೊಪ್ಪರಿಗೆಯ ಹಿಂದಿನ ಗೋಡೆಗೆ ಅಂಗೈ ಇಟ್ಟೇ ಬಂದರು.

ತೊಂಬತ್ತರ ಆಚೆಗೆ, ಒಂದು ಜನವರಿ ಬೆಳಿಗ್ಗೆ, ನಾನು ಬಚ್ಚಲಲ್ಲಿದ್ದಾಗ ಮೊದಲ ಚೊಂಬಿನ ಸದ್ದು ಬಂತು, "ಹಾ" ಬಂತು. ಎರಡನೆಯ ಚೊಂಬು ಬೀಳಲಿಲ್ಲ. ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಬಕೆಟ್ಟು ತುಂಬಿ ಹರಿಯುವ ಸದ್ದು ಮಾತ್ರ ಇತ್ತು, ಹರಿಯುತ್ತಲೇ ಇತ್ತು. ನಾನು ಕೆಳಗೆ ಓಡುವಷ್ಟರಲ್ಲಿ ನೆರೆಯವರು ಬಾಗಿಲು ಮುರಿದಿದ್ದರು. ಡಾಕ್ಟರು ಬಂದು ಹೃದಯ ಅಂದರು.

ಅವರ ತಮ್ಮ ಪುಣೆಯಿಂದ ಬರುವ ಹೊತ್ತಿಗೆ ಮಧ್ಯಾಹ್ನ. ಪುರೋಹಿತರು ಕರ್ಮ ಶುರು ಮಾಡಿದರು. ಹೊರಡಿಸುವ ಮುಂಚೆ ಸ್ನಾನ ಮಾಡಿಸಬೇಕಲ್ಲ. ತಮ್ಮ ನಲ್ಲಿಯಲ್ಲಿ ಕೊಡ ಹಿಡಿದ. ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಅಕ್ಕ ಎದ್ದರು.

"ತಣ್ಣೀರು ಹಾಕಬೇಡಿ ಅವರಿಗೆ."

"ತಣ್ಣೀರೇ ಹಾಕೋದಮ್ಮಾ, ಪದ್ಧತಿ" ಅಂದರು ಪುರೋಹಿತರು.

"ಇಷ್ಟು ವರ್ಷ ಹುಯ್ಕೊಂಡಿದ್ದು ಸಾಕು. ಸ್ವಲ್ಪ ಕಾಯಿರಿ" ಎಂದು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಅಟ್ಟದಿಂದ ಹಿತ್ತಾಳೆಯ ದೊಡ್ಡ ಪಾತ್ರೆ ನನ್ನಿಂದ ಇಳಿಸಿಕೊಂಡು, ನೀರು ತುಂಬಿ, ಒಲೆಯ ಮೇಲಿಟ್ಟು, ಕಡ್ಡಿ ಗೀರಿದರು. ಅವರಿಗಾಗಿ ಆಕೆ ಸ್ನಾನದ ನೀರು ಕಾಯಿಸಿದ್ದು ಆ ಸ್ಟೌ ಸಿಡಿದ ದಿನದ ನಂತರ ಅದೇ ಮೊದಲು. ಮನೆ ತುಂಬ ಜನ, ಯಾರೂ ಅವಸರ ಮಾಡಲಿಲ್ಲ. ನೀರು ಕಾಯುವವರೆಗೂ ಎಲ್ಲರೂ ಕಾದರು.

ತಮ್ಮ ಮೊದಲ ಚೊಂಬು ಹುಯ್ದಾಗ ಅವರ ಮೈಯಿಂದ ಹಬೆ ಎದ್ದಿತು. ಅಕ್ಕ ಬಾಗಿಲಲ್ಲಿ ನಿಂತಿದ್ದರು. "ಬಿಸಿ ಸಾಕೇನ್ರೀ?" ಎಂದು ಕೇಳಿದರು. ತಮ್ಮ ತನ್ನನ್ನು ಕೇಳಿದರೆಂದು ತಿರುಗಿ ನೋಡಿದ. ಆಕೆ ಅವನನ್ನು ಕೇಳಿರಲಿಲ್ಲ.

ಗಂಡಸರು ಹೊತ್ತುಕೊಂಡು ಹೋದ ಮೇಲೆ ಮನೆ ತೊಳೆಯುವುದಿತ್ತು. ಪಾತ್ರೆಯಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ಇಟ್ಟುಕೊಳ್ಳಬಾರದು, ಚೆಲ್ಲಬೇಕು ಎಂದು ಪಕ್ಕದ ಮನೆಯವರು ಬಗ್ಗಿದರು. "ಇರಲಿ, ಇನ್ನೂ ಬಿಸಿ ಇದೆ" ಎಂದು ಅಕ್ಕ ಪಾತ್ರೆಯ ಪಕ್ಕ ನೆಲದ ಮೇಲೆ ಕೂತರು. ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಮಡಿಸಿಕೊಂಡರು. ಆ ಕೈಯನ್ನು ನಾನು ಅಷ್ಟು ವರ್ಷದಲ್ಲಿ ನೋಡಿದ್ದು ಆವತ್ತೇ. ಚರ್ಮ ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. ಅದನ್ನು ಮೊಣಕೈಯವರೆಗೂ ಆ ನೀರಿನಲ್ಲಿ ಇಳಿಬಿಟ್ಟರು.

"ಸುಮ್ಮನೆ ಚೆಲ್ಲಿಬಿಟ್ಟರೆ ಈ ಬಿಸಿ ಎಲ್ಲಿಗೆ ಹೋಗಬೇಕು ಹೇಳು" ಅಂದರು. "ಅವರಿಗೆ ಆಗ್ತಿರಲಿಲ್ಲ."

ನೀರು ತಣ್ಣಗಾಗುವವರೆಗೂ ನಾನು ಅವರ ಪಕ್ಕದಲ್ಲೇ ಕೂತಿದ್ದೆ.